ಜುಹೂ ಸ್ಕೀಮಿನ ಹಣ್ಣಿನ ಅಂಗಡಿ

ರಾಜ್ಯೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಮ್ಮಲ್ಲಿ ಬಹುಮಂದಿ ಪುಲಕೇಶಿಯನ್ನೋ ಪಂಪನನ್ನೋ ನೆನೆಯುವುದು ವಾಡಿಕೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಂಥ ಸಂಚಿಕೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆಲ್ಲ ಒಂದು ಸಂಗತಿ ಕಂಡಿರಬೇಕು. ಮುಂದಿನ ಪುಟಗಳಲ್ಲಿ ರಾಜರು ಮತ್ತು ಕವಿಗಳು. ಹಿಂದಿನ ಪುಟಗಳಲ್ಲಿ ಹೊಟೇಲಿನವರ, ಬೇಕರಿಯವರ, ಕೇಟರಿಂಗಿನವರ ಜಾಹೀರಾತುಗಳು. ಮುದ್ರಣದ ಖರ್ಚು ಹೊರುವವರು ಹಿಂದಿನ ಪುಟದವರು; ಚರಿತ್ರೆಯಲ್ಲಿ ಬರುವವರು ಮುಂದಿನ ಪುಟದವರು. ಈ ಸಲ ಹಿಂದಿನ ಪುಟಗಳ ಪೈಕಿ ಒಬ್ಬರನ್ನು ಮುಂದಕ್ಕೆ ಕರೆದು ಕೂರಿಸಬೇಕೆಂದು ನಮಗೆ ತೋರಿತು.

ಅವರು ಮೂಲ್ಕಿಯ ರಘುನಂದನ ಕಾಮತರು. ಸಾಂತಾಕ್ರೂಜ್ ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಇಳಿದು ಸಮುದ್ರದ ಕಡೆಗೆ ಹೋದರೆ ಸಿಗುವ ಜುಹೂವಿನಲ್ಲಿ, 1984ರ ಫೆಬ್ರವರಿ 14ರಂದು, ಅವರು ಒಂದು ಸಣ್ಣ ಅಂಗಡಿ ತೆರೆದರು. ‘ನ್ಯಾಚುರಲ್ಸ್’ ಎಂಬ ಹೆಸರಿನ ಐಸ್‌ಕ್ರೀಮ್ ಅಂಗಡಿಗಳು ಇಂದು ಯಾವ ಊರಿನಲ್ಲಿ ಕಂಡರೂ ಅವುಗಳ ಮೂಲ ಅದೇ. ಕಾಮತರು 2024ರ ಮೇ ತಿಂಗಳಲ್ಲಿ ತೀರಿಕೊಂಡರು. ಆ ಹೊತ್ತಿಗೆ ಅಂಗಡಿಗಳ ಸಂಖ್ಯೆ ನೂರನ್ನು ಮೀರಿತ್ತು, ಪತ್ರಿಕೆಗಳೆಲ್ಲ ಕೋಟಿಗಳ ಲೆಕ್ಕ ಬರೆದವು. ನಮಗೆ ಆ ಕೋಟಿಗಳಿಗಿಂತ ಮೊದಲಿನ ದಿನಗಳಲ್ಲಿಯೇ ಹೆಚ್ಚು ಆಸಕ್ತಿ. ದೊಡ್ಡವರಾದ ಮೇಲಿನ ಕಥೆ ಎಲ್ಲರದೂ ಸುಮಾರಾಗಿ ಒಂದೇ ರೀತಿ ಇರುತ್ತದೆ.

ಮೂಲ್ಕಿಯನ್ನು ನಮ್ಮ ಓದುಗರಿಗೆ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಶಾಂಭವಿ ನದಿ, ಬಪ್ಪನಾಡಿನ ದುರ್ಗಾಪರಮೇಶ್ವರಿ, ವೆಂಕಟರಮಣನ ದೇವಸ್ಥಾನ. ನಮ್ಮ ವೃತ್ತಿಯವರಿಗೆ ಇನ್ನೊಂದು ನೆನಪು ಕೂಡ ಇದೆ: ವಿಜಯಾ ಬ್ಯಾಂಕನ್ನು ಬೆಳೆಸಿದ ಸುಂದರರಾಮ ಶೆಟ್ಟರು ಮೂಲ್ಕಿಯವರೇ. ಅಂಥ ಊರಿನಲ್ಲಿ ಕಾಮತರ ತಂದೆ ಹಣ್ಣಿನ ವ್ಯಾಪಾರ ಮಾಡುತ್ತಿದ್ದರು. ಏಳು ಮಂದಿ ಮಕ್ಕಳು; ರಘುನಂದನರು ಕಿರಿಯರು. ತಂದೆಯ ಜೊತೆ ಓಡಾಡುತ್ತ ಹಣ್ಣನ್ನು ಆರಿಸುವುದನ್ನು ಕಲಿತರು.

ಇದು ಸಣ್ಣ ಮಾತಲ್ಲ. ಬಟ್ಟೆಯ ವ್ಯಾಪಾರಿಗೆ ಇಂದು ಮಾರದ ಥಾನು ನಾಳೆಯೂ ಬಟ್ಟೆಯೇ. ಹಣ್ಣಿನವನ ಬಂಡವಾಳ ಬುಟ್ಟಿಯಲ್ಲಿಯೇ ಕೊಳೆಯುತ್ತದೆ. ಕಾಯಿಯಾಗಿ ಕೊಂಡರೆ ರುಚಿಯಿಲ್ಲ, ಪೂರ್ತಿ ಹಣ್ಣಾದ ಮೇಲೆ ಕೊಂಡರೆ ಸಂಜೆಯೊಳಗೆ ಮಾರಬೇಕು. ಮೂಗು, ಬೆರಳು, ಕಿವಿ ಮೂರೂ ಕೆಲಸ ಮಾಡಬೇಕು. ಹಲಸಿನ ಹಣ್ಣನ್ನು ಬಡಿದು ಅದರ ದನಿಯಿಂದ ಒಳಗಿನ ಸ್ಥಿತಿ ಹೇಳುವ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ಆ ವಿದ್ಯೆಗೆ ಯಾವ ಪರೀಕ್ಷೆಯೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಮುಂಬಯಿಗೆ ಬರುವಾಗ ಆ ಹುಡುಗ ತಂದ ಸೊತ್ತು ಇಷ್ಟೇ.

ಬಂದದ್ದಾದರೂ ಹೇಗೆ? ನಮ್ಮ ಕರಾವಳಿಯವರು ಮುಂಬಯಿಗೆ ಬಂದ ದಾರಿಯಲ್ಲಿಯೇ. ಆ ದಾರಿ ಕಾಮತರಿಗಿಂತ ಬಹಳ ಹಳೆಯದು. ಮೊಗವೀರರು ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಈ ನಗರದಲ್ಲಿ ಕಟ್ಟಿದ್ದು 1902ರಲ್ಲಿ. 1923ರ ಮಹಾಪ್ರವಾಹ ದಕ್ಷಿಣ ಕನ್ನಡದ ಎಷ್ಟೋ ಮನೆಗಳನ್ನೂ ಗದ್ದೆಗಳನ್ನೂ ಕೊಚ್ಚಿಕೊಂಡು ಹೋಯಿತು. ಊರಿನಲ್ಲಿ ಉಣ್ಣಲಿಲ್ಲದವರು ಬೇರೆ ಊರಿನವರಿಗೆ ಬಡಿಸಲು ಹೊರಟರು. ಕೊಂಕಣ ರೈಲ್ವೆ ಪೂರ್ತಿಯಾದದ್ದು 1998ರಲ್ಲಿ. ಅದಕ್ಕೆ ಮುಂಚೆ ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಹಡಗು, ಇಲ್ಲವೆ ಬಸ್ಸಿನಲ್ಲಿ ಘಟ್ಟ ಹತ್ತಿ ಮೇಲೆ ರೈಲು. ಇಂದು ಮೂಲ್ಕಿಯಲ್ಲಿಯೇ ರೈಲು ಹತ್ತುವ ಮಕ್ಕಳಿಗೆ ಇದನ್ನು ಹೇಳಿದರೆ ಪುರಾಣದಂತೆ ಕೇಳುತ್ತದೆ.

ಬಂದವರು ಸೇರಿದ ಮೊದಲ ಶಾಲೆ ಹೊಟೇಲಿನ ಮೋರಿಕಟ್ಟೆ. ಮೊದಲು ಲೋಟ ತೊಳೆಯುವುದು, ಆಮೇಲೆ ಮೇಜು ಒರಸುವುದು, ಆಮೇಲೆ ಸಪ್ಲೈ, ಕೈ ಚುರುಕಾಗಿದ್ದರೆ ಒಲೆಯ ಹತ್ತಿರ, ನಂಬಿಕೆ ಗಳಿಸಿದರೆ ಗಲ್ಲದ ಹತ್ತಿರ. ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ನಿದ್ರೆ. ಓದಬೇಕೆಂಬವರಿಗೆ ನಮ್ಮ ಸಮಾಜದವರು ಕಟ್ಟಿದ ರಾತ್ರಿ ಶಾಲೆಗಳಿದ್ದವು. ಹಗಲು ದೋಸೆ ಹುಯ್ದು ರಾತ್ರಿ ಇಂಗ್ಲಿಷ್ ವ್ಯಾಕರಣ ಕಲಿತು, ಮುಂದೆ ವಕೀಲರೂ ಅಧಿಕಾರಿಗಳೂ ಆದವರು ನಮ್ಮ ನಡುವೆ ಇದ್ದಾರೆ. ಧಣಿಗಳ ಸಂಸಾರವಾದರೂ ಎಲ್ಲಿತ್ತು? ಬಹು ಮಂದಿಯದು ಊರಿನಲ್ಲಿ. ವರ್ಷಕ್ಕೊಮ್ಮೆ ಕೋಲಕ್ಕೋ ತೇರಿಗೋ ಹೋಗಿ ಬರುವುದು, ತಿಂಗಳಿಗೊಮ್ಮೆ ಮನಿಯಾರ್ಡರು. ಮಗ ನಡೆಯಲು ಕಲಿತದ್ದನ್ನು ಕಾಗದದಲ್ಲಿ ಓದಿ ತಿಳಿದ ತಂದೆಯರು ಈ ನಗರದಲ್ಲಿ ಎಷ್ಟು ಮಂದಿಯೋ. ‘ಊಡುಪಿ ಹೊಟೇಲು’ ಎಂದು ತಪ್ಪಾಗಿ ಉಚ್ಚರಿಸುತ್ತ ನಗುನಗುತ್ತ ತಿಂದುಹೋಗುವ ಗಿರಾಕಿಗೆ ಇದೊಂದೂ ಕಾಣುವುದಿಲ್ಲ.

ಆ ತಲೆಮಾರಿನವರಲ್ಲಿ ಮಾಟುಂಗಾದ ಎ. ರಾಮ ನಾಯಕರ ಹೆಸರನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಎಳವೆಯಲ್ಲಿಯೇ ಅಡುಗೆಮನೆಯ ಕೆಲಸಕ್ಕೆ ಸೇರಿ, 1942ರಲ್ಲಿ ಮಾಟುಂಗಾ ಸ್ಟೇಷನ್ನಿನ ಹತ್ತಿರ ‘ಉಡುಪಿ ಶ್ರೀಕೃಷ್ಣ ಬೋರ್ಡಿಂಗ್’ ತೆರೆದವರು ಅವರು. ಅಲ್ಲಿ ಇಂದಿಗೂ ಬಾಳೆಲೆಯ ಊಟ ಸಿಗುತ್ತದೆ. ರಾಮ ನಾಯಕರ ಕಾಲದವರು ಮಾರಿದ್ದು ನಮ್ಮ ಅಡುಗೆಯನ್ನು, ಅದು ಇದ್ದ ಹಾಗೆಯೇ. ಕಾಮತರ ಕಾಲಕ್ಕೆ ಆ ಅಡುಗೆ ಬೀದಿಬೀದಿಯಲ್ಲಿ ಸಿಗುತ್ತಿತ್ತು. ಇನ್ನೂ ಒಂದು ಇಡ್ಲಿಯ ಅಂಗಡಿ ತೆರೆಯುವುದರಲ್ಲಿ ಸ್ಪರ್ಧೆಯೇ ಹೊರತು ಹೊಸತೇನೂ ಉಳಿದಿರಲಿಲ್ಲ.

ರಘುನಂದನರು ಹದಿಹರೆಯದಲ್ಲಿ ಮುಂಬಯಿಗೆ ಬಂದು ಅಣ್ಣಂದಿರ ‘ಗೋಕುಲ’ ಎಂಬ ಉಪಾಹಾರಗೃಹದಲ್ಲಿ ಕೆಲಸಕ್ಕೆ ನಿಂತರು. ಶಾಲೆಯ ಓದು ಹೆಚ್ಚು ಮುಂದುವರಿಯಲಿಲ್ಲ. ಅಣ್ಣನ ಅಂಗಡಿಯಲ್ಲಿ ತಮ್ಮ ಎಂದರೆ ಏನೆಂಬುದು ಅನುಭವಿಸಿದವರಿಗೇ ಗೊತ್ತು. ಸಂಬಳದ ನೌಕರನೂ ಅಲ್ಲ, ಪೂರ್ತಿ ಯಜಮಾನನೂ ಅಲ್ಲ. ಬೆಳಗ್ಗೆ ಮೊದಲು ಏಳುವವನು, ರಾತ್ರಿ ಕೊನೆಗೆ ಮಲಗುವವನು, ಹೊಸದೊಂದು ಯೋಚನೆ ಹೇಳಿದರೆ “ನೀನು ಸುಮ್ಮನಿರು” ಎಂದು ಕೇಳಿಸಿಕೊಳ್ಳುವವನು. ಯಾವ ಅಣ್ಣನನ್ನೂ ದೂರುವ ಉದ್ದೇಶದಿಂದ ಈ ಮಾತು ಹೇಳುತ್ತಿಲ್ಲ. ಆ ಅಣ್ಣಂದಿರು ಒಂದು ಒಲೆ ಹೂಡಿ ಕಾಯುತ್ತಿರದಿದ್ದರೆ ತಮ್ಮಂದಿರು ಬರುವುದಾದರೂ ಎಲ್ಲಿಗೆ? ಹುಡುಗ ಅಲ್ಲಿ ಹೊಟೇಲು ನಡೆಸುವ ಕಸುಬನ್ನು ಕಲಿತರು. ಜೊತೆಗೆ ಒಂದು ಪ್ರಶ್ನೆಯೂ ಹುಟ್ಟಿತು. ಐಸ್‌ಕ್ರೀಮಿನಲ್ಲಿ ಹಣ್ಣಿನ ಹೆಸರಿದೆ, ಹಣ್ಣಿನ ಬಣ್ಣವಿದೆ, ಹಣ್ಣಿನ ವಾಸನೆಯಿದೆ. ಹಣ್ಣೇ ಯಾಕಿಲ್ಲ?

ಹಣ್ಣಿನ ವ್ಯಾಪಾರಿಯ ಮಗನಲ್ಲದೆ ಬೇರೆಯವರಿಗೆ ಈ ಪ್ರಶ್ನೆ ಹುಟ್ಟುತ್ತಿತ್ತೋ ಇಲ್ಲವೋ.

ಇಲ್ಲಿ ನಮ್ಮ ವೃತ್ತಿಯ ಸಲಿಗೆಯಿಂದ ಸ್ವಲ್ಪ ಬದಿಗೆ ಸರಿಯುತ್ತೇವೆ, ಓದುಗರು ಸೈರಿಸಬೇಕು. ಸಣ್ಣ ವ್ಯಾಪಾರಿಗೆ ಬಂಡವಾಳ ಎಲ್ಲಿಂದ ಬರುತ್ತದೆ ಎಂಬುದು ನಮ್ಮ ಜಿಲ್ಲೆಯವರು ಬೇರೆಯವರಿಗಿಂತ ಮುಂಚೆ ಯೋಚಿಸಿದ ವಿಷಯ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ತಳಹದಿ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು. 1925ರಲ್ಲಿ ಉಡುಪಿಯಲ್ಲಿಯೇ ಉಪೇಂದ್ರ ಪೈ, ಡಾಕ್ಟರ್ ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವರು ಸೇರಿ 8,000 ರೂಪಾಯಿ ಬಂಡವಾಳದಿಂದ ಸಿಂಡಿಕೇಟ್ ಬ್ಯಾಂಕಿನ ಮೂಲ ಸಂಸ್ಥೆಯನ್ನು ಆರಂಭಿಸಿದರು. 1928ರಲ್ಲಿ ಅವರು ತಂದ ಪಿಗ್ಮಿ ಠೇವಣಿಯೇ ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಯೋಚನೆ. ದಿನಕ್ಕೆ ಎರಡು ಆಣೆ, ಅದೂ ಏಜೆಂಟನೇ ಮನೆಬಾಗಿಲಿಗೆ ಅಂಗಡಿಬಾಗಿಲಿಗೆ ಬಂದು ಒಯ್ಯುವುದು. ತಿಂಗಳ ಸಂಬಳದವನಿಗೆ ತಿಂಗಳಿಗೊಮ್ಮೆ ಉಳಿತಾಯ ಸಾಧ್ಯ. ದಿನದ ದುಡಿಮೆಯವನಿಗೆ ದಿನವೇ ಉಳಿಸಬೇಕು, ಇಲ್ಲದಿದ್ದರೆ ಸಂಜೆಗೆ ಕರಗುತ್ತದೆ. ಮುಂಬಯಿಯ ಬಿಲ್ಲವ ಸಮಾಜದವರೂ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನು ಆರಂಭಿಸಿದರು. ಸಾಂತಾಕ್ರೂಜ್ ಪೂರ್ವದ ಬಿಲ್ಲವ ಭವನದ ಮುಂದೆ ದಿನವೂ ಓಡಾಡುವ ನಮ್ಮ ಓದುಗರಿಗೆ ಆ ಹೆಸರು ಹೊಸತಲ್ಲ. ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ದೊಡ್ಡ ಬ್ಯಾಂಕುಗಳೊಳಗೆ ಸೇರಿಹೋದವು. ಹಳೆಯ ಬೋರ್ಡುಗಳನ್ನು ಇಳಿಸುವ ಸುದ್ದಿ ಕೇಳಿದ ದಿನ ನಮ್ಮಂಥವರಿಗೆ ಊಟ ರುಚಿಸಲಿಲ್ಲ ಎಂದರೆ ಕೆಲವರು ನಕ್ಕಾರು.

ಇಷ್ಟೆಲ್ಲ ಬ್ಯಾಂಕುಗಳಿದ್ದರೂ, ಮೇಜಿನ ಈಚೆಗೆ ಕೂತು ನೋಡಿದವರಾಗಿ ಹೇಳುತ್ತೇವೆ, 1984ರಲ್ಲಿ “ಸೀತಾಫಲದಿಂದ ಐಸ್‌ಕ್ರೀಮ್ ಮಾಡಿ ಮಾರುತ್ತೇನೆ” ಎಂಬ ಅರ್ಜಿ ನಮ್ಮಂಥ ಗುಮಾಸ್ತರ ಮುಂದೆ ಬಂದಿದ್ದರೆ ಅದರ ಮೇಲೆ ಪೆನ್ಸಿಲಿನಿಂದ ಏನು ಬರೆಯುತ್ತಿದ್ದೆವೋ ದೇವರೇ ಬಲ್ಲ. ಅಡವಿಗೆ ಏನಿದೆ? ಹಣ್ಣು ಕೊಳೆಯುತ್ತದೆ, ಐಸ್‌ಕ್ರೀಮ್ ಕರಗುತ್ತದೆ. ಬಿ.ಕಾಂ. ಓದಿ ನಾವು ಕಲಿತದ್ದು ಕರಗುವ ವಸ್ತುವಿನ ಮೇಲೆ ಸಾಲ ಕೊಡಬಾರದೆಂಬುದನ್ನು.

ಈಗ ಅಂಗಡಿಗೆ ಬರೋಣ. ಮದುವೆಯಾಗಿ ಸಂಸಾರದ ಹೊಣೆ ಬಂದ ಮೇಲೆ ಕಾಮತರು ಅಣ್ಣಂದಿರ ವ್ಯಾಪಾರದಿಂದ ಹೊರಬಂದು ಜುಹೂವಿನಲ್ಲಿ ತಮ್ಮದೇ ಜಾಗ ಹಿಡಿದರು. ಆ ಜಾಗದ ಗುಣವನ್ನು ಹೇಳಬೇಕು. ಜುಹೂ ಒಂದು ಕಾಲಕ್ಕೆ ಕೋಳಿಗಳ, ಎಂದರೆ ಮೀನುಗಾರರ, ಹಳ್ಳಿ. 1928ರಲ್ಲಿ ಅಲ್ಲಿ ವಿಮಾನದ ಬಯಲು ಆಯಿತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತ ವಿಮಾನವನ್ನು ಅಲ್ಲಿಯೇ ಇಳಿಸಿದರು. ಯುದ್ಧದ ನಂತರ ದೊಡ್ಡ ವಿಮಾನಗಳೆಲ್ಲ ನಮ್ಮ ಸಾಂತಾಕ್ರೂಜಿಗೆ ಬಂದವು. ಮುಂದೆ ಜುಹೂ-ವಿಲೇಪಾರ್ಲೆ ಡೆವಲಪ್‌ಮೆಂಟ್ ಸ್ಕೀಮ್ ಎಂಬ ಯೋಜನೆಯಲ್ಲಿ ಬಂಗಲೆಗಳೂ ಸೊಸೈಟಿಗಳೂ ಎದ್ದವು. ಜನರ ಬಾಯಲ್ಲಿ ಅದು ‘ಜುಹೂ ಸ್ಕೀಮ್’. ಸಿನಿಮಾದವರೂ ಗುಜರಾತಿ ವ್ಯಾಪಾರಿಗಳೂ ಅಲ್ಲಿ ನೆಲೆಸಿದರು. ರಾತ್ರಿ ಊಟದ ಮೇಲೆ ಕಾರಿನಲ್ಲಿ ಸಮುದ್ರದ ಗಾಳಿಗೆ ಹೊರಡುವ ಜನ. ಐಸ್‌ಕ್ರೀಮಿನವನಿಗೆ ಇದಕ್ಕಿಂತ ಒಳ್ಳೆಯ ನೆರೆ ಬೇಕೆ?

ಆದರೂ ಕಾಮತರಿಗೆ ಧೈರ್ಯ ಸಾಲಲಿಲ್ಲ. ಬರಿಯ ಐಸ್‌ಕ್ರೀಮ್ ತಿನ್ನಲು ಜನ ಒಂದು ಸಣ್ಣ ಅಂಗಡಿಗೆ ಬಂದಾರೆಯೆ? ಆಗ ಐಸ್‌ಕ್ರೀಮ್ ಎಂದರೆ ಮದುವೆಯ ಮನೆಯ ವಸ್ತು, ಇಲ್ಲವೆ ದೊಡ್ಡ ಕಂಪೆನಿಯ ಹೆಸರು ಹೊತ್ತ ಡಬ್ಬಿ. ಆದುದರಿಂದ ಅವರು ಪಾವ್‌ಭಾಜಿಯನ್ನು ಮುಂದಿಟ್ಟರು. ಖಾರದ ಪಾವ್‌ಭಾಜಿ ತಿಂದವನ ನಾಲಿಗೆ ತಂಪನ್ನು ಬೇಡುತ್ತದೆ. ಆಗ ಸೀತಾಫಲ, ಮಾವು, ಸ್ಟ್ರಾಬೆರಿ, ಗೋಡಂಬಿ-ದ್ರಾಕ್ಷಿ ಐಸ್‌ಕ್ರೀಮ್ ಸಿದ್ಧ. ಹೊಟೇಲಿನಲ್ಲಿ ಬೆಳೆದ ತಲೆಯ ಉಪಾಯ ಇದು. ಊಟಕ್ಕೆ ಬಂದವನು ಒಂದು ಕಾಫಿಯನ್ನೂ ಕುಡಿದು ಹೋಗಲಿ ಎಂದು ಲೆಕ್ಕ ಹಾಕುವ ತಲೆಗೇ ಇದು ಹೊಳೆಯಬೇಕು.

ಪಾವ್‌ಭಾಜಿ ಚೆನ್ನಾಗಿ ನಡೆಯಿತು. ಐಸ್‌ಕ್ರೀಮಿಗೂ ಗಿರಾಕಿಗಳು ಬರತೊಡಗಿದರು. ಎರಡೂ ನಡೆಯುವಾಗ ಒಂದನ್ನು ನಿಲ್ಲಿಸುವುದು ಯಾವ ವ್ಯಾಪಾರಿಗೂ ಕಷ್ಟ. ತವೆಯಿಂದ ಬರುವ ದುಡ್ಡು ದಿನವೂ ಕಣ್ಣೆದುರು ಎಣಿಸುವ ದುಡ್ಡು. ಅದರಿಂದಲೇ ಬಾಡಿಗೆ, ಅದರಿಂದಲೇ ಹುಡುಗರ ಸಂಬಳ, ಅದರಿಂದಲೇ ಮನೆಯ ಅಕ್ಕಿ. 1985ರ ಹೊತ್ತಿಗೆ ಕಾಮತರು ಪಾವ್‌ಭಾಜಿಯನ್ನು ನಿಲ್ಲಿಸಿ ಬರಿಯ ಐಸ್‌ಕ್ರೀಮಿನ ಅಂಗಡಿ ಮಾಡಿದರು. ಅವರ ಜೀವನದ ದೊಡ್ಡ ದಿನ ಅಂಗಡಿ ತೆರೆದ ದಿನವೆಂದು ಎಲ್ಲರೂ ಬರೆಯುತ್ತಾರೆ. ನಮ್ಮ ಮಟ್ಟಿಗೆ ಆ ತವೆಯನ್ನು ಇಳಿಸಿದ ದಿನವೇ ದೊಡ್ಡದು. ಮನೆಯಲ್ಲಿ ಕಾಯುವ ಹೆಂಡತಿಯಿರುವ ಗೃಹಸ್ಥನೊಬ್ಬ, ನಡೆಯುತ್ತಿದ್ದ ಅರ್ಧ ವ್ಯಾಪಾರವನ್ನು ತಾನಾಗಿ ಕೈಬಿಟ್ಟದ್ದು ಅದು. ಆ ರಾತ್ರಿ ಮನೆಯಲ್ಲಿ ಏನು ಮಾತಾಯಿತೆಂದು ಯಾರೂ ಬರೆದಿಟ್ಟಿಲ್ಲ; ನಮ್ಮ ನಮ್ಮ ಮನೆಗಳಲ್ಲಿ ಏನು ಆಗುತ್ತಿತ್ತೆಂದು ಊಹಿಸಿಕೊಂಡರೆ ಸಾಕು.

ಹಣ್ಣಿನ ಕಷ್ಟ ಬೇರೆಯೇ. ಸೀತಾಫಲವನ್ನು ಮನೆಯಲ್ಲಿ ತಿಂದವರಿಗೆ ಗೊತ್ತು, ಒಂದು ಹಣ್ಣಿನಲ್ಲಿ ಎಷ್ಟು ಬೀಜ, ಬೀಜಕ್ಕೆ ಅಂಟಿದ ತಿರುಳೆಷ್ಟು. ಹತ್ತು ಹಣ್ಣಿಗೆ ಕೈ ಸಾಕು. ಬುಟ್ಟಿಗಟ್ಟಲೆ ಹಣ್ಣಿಗೆ ಕೈ ಸಾಲದು. ಎಳನೀರಿನ ಗಂಜಿ ಕೆರೆಯುವುದು, ಹಲಸಿನ ತೊಳೆ ಬಿಡಿಸುವುದು, ನೇರಳೆಯ ಬೀಜ ತೆಗೆಯುವುದು, ಇವಕ್ಕೆ ಪೇಟೆಯಲ್ಲಿ ಯಂತ್ರ ಇರಲಿಲ್ಲ. ಹೊರದೇಶದ ಯಂತ್ರಗಳು ಹೊರದೇಶದ ಹಣ್ಣಿಗಾಗಿ ಆದವು. ಕಾಮತರು ಬೇಕಾದ ಯಂತ್ರಗಳನ್ನು ತಾವೇ ಯೋಚಿಸಿ ಮಾಡಿಸಿದರು. ತಾಯಿ ಅಡುಗೆಮನೆಯಲ್ಲಿ ಮಾಡುತ್ತಿದ್ದ ಕ್ರಮವನ್ನು ನೆನೆದು ಅದನ್ನೇ ದೊಡ್ಡದು ಮಾಡಿದೆನೆಂದು ಅವರು ಹೇಳುತ್ತಿದ್ದುದುಂಟು. ತಂದೆಯಿಂದ ಹಣ್ಣಿನ ಪರೀಕ್ಷೆ, ತಾಯಿಯಿಂದ ಹಣ್ಣಿನ ಸಂಸ್ಕಾರ, ಅಣ್ಣಂದಿರಿಂದ ಅಂಗಡಿಯ ಶಿಸ್ತು. ವ್ಯಾಪಾರಿ ತಾನೊಬ್ಬನೇ ಮೇಲೆ ಬಂದನೆಂಬ ಮಾತು ಪತ್ರಿಕೆಗಳಿಗೆ ಇಷ್ಟ. ಈ ಅಂಗಡಿಯ ಮಟ್ಟಿಗೆ ಅದು ಪೂರ್ತಿ ನಿಜವಲ್ಲ.

ಇನ್ನೊಂದು ತೊಡಕು. ಹಾಲು, ಸಕ್ಕರೆ, ಹಣ್ಣು ಇವಿಷ್ಟನ್ನೇ ನಂಬಿದ ಐಸ್‌ಕ್ರೀಮ್ ತಿಂಗಳುಗಟ್ಟಲೆ ಕೂಡುವುದಿಲ್ಲ. ತಂದೆಯ ಬುಟ್ಟಿಯ ಕಷ್ಟವೇ ಮಗನ ಡಬ್ಬಿಗೂ ಬಂತು. ಋತು ಬಂದಾಗ ಮಾತ್ರ ಹಣ್ಣು, ಹಣ್ಣು ಬಂದಾಗ ಮಾತ್ರ ಆ ರುಚಿ. ತಾಳೆಹಣ್ಣಿನದು (ಮುಂಬಯಿಯವರ ತಾಡ್‌ಗೋಳಾ) ಬೇಸಗೆಗೆ, ಸೀತಾಫಲದ ಹಣ್ಣು ಮಳೆಗಾಲ ಕಳೆಯುವ ಹೊತ್ತಿಗೆ. ಗಿರಾಕಿ ಕಾಯಬೇಕು. ಮುಂಬಯಿಯ ಗಿರಾಕಿ ಕಾದ ಎಂಬುದೇ ಆಶ್ಚರ್ಯ.

ಆ ಕಾಲಕ್ಕೆ ಸರಕಾರದ ನಿಯಮ ಕೂಡ ಸಣ್ಣವರ ಪರವಾಗಿತ್ತು. ಐಸ್‌ಕ್ರೀಮ್ ತಯಾರಿಕೆ ಸಣ್ಣ ಕೈಗಾರಿಕೆಗೆ ಮೀಸಲಾದ ವಸ್ತುಗಳ ಪಟ್ಟಿಯಲ್ಲಿತ್ತು. 1997ರಲ್ಲಿ ಆ ಮೀಸಲಾತಿ ಹೋಯಿತು. ಅದಕ್ಕೆ ಸ್ವಲ್ಪ ಮುಂಚೆಯೇ ಕ್ವಾಲಿಟಿಯಂಥ ಹಳೆಯ ಹೆಸರುಗಳು ಹಿಂದುಸ್ತಾನ್ ಲಿವರಿನ ಕಡೆಗೆ ಸೇರಿದ್ದವು, 1996ರಲ್ಲಿ ಅಮುಲ್ ಕೂಡ ಐಸ್‌ಕ್ರೀಮ್ ತಂದಿತು. ಗಲ್ಲಿಗಲ್ಲಿಯ ಕಿರಾಣಿ ಅಂಗಡಿಯಲ್ಲಿ ದೊಡ್ಡ ಕಂಪೆನಿಯ ಪೆಟ್ಟಿಗೆ ಬಂದು ಕೂತಿತು. ಕಾಮತರು ಆ ಪೆಟ್ಟಿಗೆಗಳ ಜೊತೆ ಜಗಳಕ್ಕೆ ಹೋಗಲಿಲ್ಲ. ಕಾಂದಿವಲಿಯ ಕಾರ್ಖಾನೆಯಲ್ಲಿ ಮಾಡಿ, ತಮ್ಮದೇ ಹೆಸರಿನ ಅಂಗಡಿಗಳಿಗೆ ಕಳುಹಿಸುವ ಪದ್ಧತಿಯಲ್ಲಿಯೇ ಬೆಳೆದರು. ಕಿರಿಯ ತಲೆಮಾರು, ಅವರ ಇಬ್ಬರು ಗಂಡುಮಕ್ಕಳು, ಓದು ಮುಗಿಸಿ ಅದೇ ವ್ಯಾಪಾರಕ್ಕೆ ಬಂದರು.

ಇದನ್ನು ಬರೆಯುವಾಗ ನಮಗೆ ಪರಿಚಯದ ಹೊಟೇಲುಗಳು ನೆನಪಿಗೆ ಬರುತ್ತವೆ. ಲೋಟ ತೊಳೆದು ಮೇಲೆ ಬಂದ ತಂದೆ, ಎಂಜಿನಿಯರಾಗಿ ಅಮೆರಿಕಕ್ಕೆ ಹೋದ ಮಗ, ಗಲ್ಲದಲ್ಲಿ ಕೂರುವವರಿಲ್ಲದೆ ಗುತ್ತಿಗೆಗೆ ಕೊಟ್ಟ ಅಂಗಡಿ. ಬೋರ್ಡಿನಲ್ಲಿ ಉಡುಪಿ, ಒಳಗೆ ಚೈನೀಸ್. ಮಗ ಲೋಟ ತೊಳೆಯಬಾರದೆಂದೇ ಅಲ್ಲವೆ ತಂದೆ ತೊಳೆದದ್ದು? ಹಾಗೆಂದು ಸಮಾಧಾನ ಮಾಡಿಕೊಂಡರೂ ಹಳೆಯ ಕಾಫಿಯ ವಾಸನೆ ಇಲ್ಲದ ಬಾಗಿಲಿನ ಮುಂದೆ ಹಾಯುವಾಗ ಕಾಲು ಒಂದು ಕ್ಷಣ ನಿಲ್ಲುತ್ತದೆ.

2020ರ ಮಾರ್ಚಿನಲ್ಲಿ ಕೊರೋನಾದ ಲಾಕ್‌ಡೌನ್ ಬಂದಾಗ ಕಾರ್ಖಾನೆಯಲ್ಲಿ ಟನ್ನುಗಟ್ಟಲೆ ಐಸ್‌ಕ್ರೀಮ್ ಸಿದ್ಧವಾಗಿತ್ತು, ಅಂಗಡಿಗಳೆಲ್ಲ ಮುಚ್ಚಿದ್ದವು. ಕೂಡಿಡುವಂತಿಲ್ಲ, ಮಾರುವಂತಿಲ್ಲ. ಅದನ್ನು ಚೆಲ್ಲದೆ ನಗರದ ಬಡವರಿಗೂ ಕೂಲಿಕಾರರಿಗೂ ಹಂಚುವ ಏರ್ಪಾಡಾಯಿತು. ಸಂಜೆಯ ಹೊತ್ತಿಗೆ ಉಳಿದ ಮಾಗಿದ ಹಣ್ಣನ್ನು ನೆರೆಯ ಮಕ್ಕಳ ಕೈಗೆ ಹಾಕಿ ಬುಟ್ಟಿ ಖಾಲಿ ಮಾಡಿ ಮನೆಗೆ ಹೋಗುವ ವ್ಯಾಪಾರಿಯನ್ನು ಕಂಡವರಿಗೆ ಇದು ಹೊಸ ನೀತಿಯೆಂದು ಅನ್ನಿಸಲಿಲ್ಲ.

ಹೋದ ಚಳಿಗಾಲದಲ್ಲಿ ಊರಿನಿಂದ ನಮ್ಮ ದೊಡ್ಡಮ್ಮ ಬಂದಿದ್ದರು. ಪ್ರಭಾತ್ ಕಾಲೊನಿಯ ಪೇಜಾವರ ಮಠಕ್ಕೆ ಹೋಗಿ ಬಂದು, ಸಂಜೆ ಮಕ್ಕಳ ಹಟಕ್ಕೆ ಎಲ್ಲರೂ ರಿಕ್ಷಾ ಮಾಡಿಕೊಂಡು ಜುಹೂವಿಗೆ ಹೋದೆವು. ದೊಡ್ಡಮ್ಮನಿಗೆ ಎಳನೀರಿನ ಐಸ್‌ಕ್ರೀಮ್ ಕೊಡಿಸಿದೆವು. ಎಪ್ಪತ್ತೆಂಟು ವರ್ಷದ ಹಲ್ಲಿಲ್ಲದ ಬಾಯಿ; ಗಂಜಿಯ ಚೂರನ್ನು ಬಹಳ ಹೊತ್ತು ಒಳಗೆ ಹೊರಳಿಸಿದರು. ಇದನ್ನು ಮಾಡಿದವರು ಮೂಲ್ಕಿಯವರು ಎಂದು ಹೇಳಿದೆವು.

“ಹೌದಾ? ಮೂಲ್ಕಿಯಲ್ಲಿ ಯಾರ ಮನೆ?” ಎಂದರು.

ಹಣ್ಣು ಮಾರುತ್ತಿದ್ದ ಕಾಮತರ ಮಗ ಎಂದೆವು. ಅವರು ಇನ್ನೊಂದು ಚಮಚ ತೆಗೆದುಕೊಂಡರು. “ಬೊಂಡವನ್ನು ಸರಿಯಾದ ದಿನ ಕೊಯ್ದಿದ್ದಾರೆ ಮಾರಾಯಾ,” ಎಂದು ಹೇಳಿ, ಕಪ್ಪನ್ನು ಬೆಳಕಿಗೆ ಹಿಡಿದು ತಳದಲ್ಲಿ ಇನ್ನೇನಾದರೂ ಉಳಿದಿದೆಯೇ ಎಂದು ನೋಡಿದರು.